ಹತ್ತು ಗುಂಟೆ ಹುಲ್ಲಿನ ಲೆಕ್ಕ

ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಕೆಂಪು ಮಣ್ಣಿನ ಹೊಲದಲ್ಲಿ ಹತ್ತು ಗುಂಟೆಯನ್ನು ಒಣಮೇವಿಗೆಂದೇ ಬಿಟ್ಟು ರೋಡ್ಸ್ ಹುಲ್ಲು ಬೆಳೆಸಿದ್ದೇನೆ. ನೇಪಿಯರ್ ಹುಲ್ಲಿನ ದಪ್ಪ ಕಾಂಡ ಬೇಗ ಒಣಗುವುದಿಲ್ಲ. ರೋಡ್ಸ್ ಹುಲ್ಲಿನ ಸಣ್ಣ ಕಾಂಡಕ್ಕೆ ಆ ತೊಂದರೆಯಿಲ್ಲ. ಕೊಯ್ಲಿಗೆ ಮುನ್ನ ಇಳುವರಿಯನ್ನು ಅಂದಾಜು ಮಾಡಿ, ಆ ಅಂದಾಜಿನ ಮೇಲೆಯೇ ಗೊಬ್ಬರದ ಪ್ರಮಾಣವನ್ನು ನಿರ್ಧರಿಸುವುದು ನನ್ನ ರೂಢಿ.

ಇದಕ್ಕಾಗಿ ಪಿವಿಸಿ ಪೈಪಿನಿಂದ ಒಂದು ಚದರ ಮೀಟರಿನ ಚೌಕಟ್ಟು ಮಾಡಿಕೊಂಡಿದ್ದೇನೆ. ಇಬ್ಬನಿ ಆರಿದ ಮೇಲೆ ಅದನ್ನು ಹೊಲದ ಐದಾರು ಕಡೆ ಇಟ್ಟು, ನಿಜವಾದ ಕೊಯ್ಲಿನಲ್ಲಿ ಬಿಡುವಷ್ಟೇ ಕೂಳೆ ಬಿಟ್ಟು, ಒಳಗಿನ ಹುಲ್ಲನ್ನು ಕೊಯ್ದು ತೂಗುತ್ತೇನೆ. ಹುಲುಸಾಗಿ ಬೆಳೆದ ಜಾಗಕ್ಕೇ ಕೈ ಹೋಗುವುದು ಸಹಜವಾದ್ದರಿಂದ, ತೆಂಗಿನ ನೆರಳು ಬೀಳುವ ಬದುವಿನ ಅಂಚನ್ನೂ ನೀರು ನಿಲ್ಲುವ ತಗ್ಗನ್ನೂ ತಪ್ಪದೆ ಸೇರಿಸಿಕೊಳ್ಳುತ್ತೇನೆ. ಕಳೆದ ಕೊಯ್ಲಿನಲ್ಲಿ ಸರಾಸರಿ ಒಂದೂವರೆ ಕೆ.ಜಿ. ಬಂದಿತ್ತು. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರ್. ಹಾಗಾಗಿ ಹತ್ತು ಗುಂಟೆಗೆ ಸುಮಾರು 1,500 ಕೆ.ಜಿ. ಹಸಿಹುಲ್ಲು. ಅದರಲ್ಲಿ ಒಂದು ಕೆ.ಜಿ.ಯನ್ನು, ಕಾಂಡ ಬಗ್ಗಿಸಿದರೆ ಮುರಿಯುವವರೆಗೆ ಬಿಸಿಲಿನಲ್ಲಿ ಒಣಗಿಸಿದಾಗ 300 ಗ್ರಾಂ ಉಳಿಯಿತು. ಅಂದರೆ 450 ಕೆ.ಜಿ. ಒಣಹುಲ್ಲು, ಮಗುಚುವಾಗ ಉದುರುವ ಎಲೆಯನ್ನು ಕಳೆದರೆ ಬಣವೆಗೆ ಸೇರುವುದು 400 ಕೆ.ಜಿ. ಎಂದು ಹಿಡಿದೆ. ದಿನಕ್ಕೆ ತಲಾ ಐದು ಕೆ.ಜಿ.ಯಂತೆ ಎರಡು ಹಸುಗಳಿಗೆ ಇದು 40 ದಿನದ ಮೇವು.

ಗೊಬ್ಬರದ ವಿಷಯದಲ್ಲಿ ನಮ್ಮ ಕಡೆ ಯೂರಿಯಾ ಒಂದನ್ನೇ ಎರಚುವವರು ಹೆಚ್ಚು. ಹುಲ್ಲು ಕಡು ಹಸಿರಾಗುವುದು ಕಣ್ಣಿಗೆ ಕಾಣುತ್ತದೆ. ಆದರೆ ಕೊಯ್ದು ಹೊರಗೆ ಸಾಗಿಸುವ ಹುಲ್ಲಿನ ಜೊತೆ ಸಾರಜನಕದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಪೊಟ್ಯಾಷ್ ಹೊಲ ಬಿಟ್ಟು ಹೋಗುತ್ತದೆ. 400 ಕೆ.ಜಿ. ಒಣಹುಲ್ಲಿನಲ್ಲಿ ಆರು ಕೆ.ಜಿ. ಸಾರಜನಕ, ಆರೇಳು ಕೆ.ಜಿ. ಪೊಟ್ಯಾಷ್ ಇರುತ್ತದೆಂದು ನಾನು ಲೆಕ್ಕ ಹಿಡಿಯುತ್ತೇನೆ. ಯೂರಿಯಾದಲ್ಲಿ ಸಾರಜನಕ ಶೇಕಡಾ 46ರಷ್ಟಿರುವುದರಿಂದ 13 ಕೆ.ಜಿ. ಯೂರಿಯಾ ಸಾಕು. ಮುಂಗಾರಿಗೆ ಮುನ್ನ ಹರಡುವ ಕೊಟ್ಟಿಗೆ ಗೊಬ್ಬರದಿಂದ ರಂಜಕದ ಅಗತ್ಯ ಬಹುಪಾಲು ತೀರುತ್ತದೆ. ಹಸು ತಿಂದ ಪೊಟ್ಯಾಷಿನ ಹೆಚ್ಚಿನ ಭಾಗ ಗಂಜಲದಲ್ಲೇ ಹೋಗುವುದರಿಂದ, ಕೊಟ್ಟಿಗೆಯ ಗಂಜಲವನ್ನು ತೊಟ್ಟಿಯಲ್ಲಿ ಹಿಡಿದು, ನೀರು ಬೆರೆಸಿ ಇದೇ ಹೊಲಕ್ಕೆ ಹಾಯಿಸುತ್ತೇನೆ; ಕೊರತೆಯಾದಷ್ಟನ್ನು ಮಾತ್ರ ಅಂಗಡಿಯ ಪೊಟ್ಯಾಷಿನಿಂದ ತುಂಬುತ್ತೇನೆ.

ಯೂರಿಯಾವನ್ನು ಕೊಯ್ಲಾದ ಕೂಡಲೇ ಹಾಕದೆ, ಕೂಳೆ ಚಿಗುರಿದ ಮೇಲೆ, ಮಳೆ ಬರುವ ಮುನ್ನ ಅಥವಾ ಹಾಕಿದ ದಿನವೇ ನೀರು ಕೊಡಲು ಸಾಧ್ಯವಿದ್ದಾಗ ಎರಚುತ್ತೇನೆ. ಬರಿಯ ತೇವದ ನೆಲದ ಮೇಲೆ ಬಿಸಿಲಿಗೆ ಬಿಟ್ಟರೆ ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.