ಹನ್ನೊಂದು ದಿನಕ್ಕೊಮ್ಮೆ ಸಾಯುತ್ತಿದ್ದ ಡಬ್ಬಿ

ನಮ್ಮ ವೈ-ಫೈ ಡಬ್ಬಿಯಲ್ಲಿ ಇರುವುದೇ 128 ಎಂಬಿ ರ‍್ಯಾಮ್. ಕೆಲವು ಅಂಗಡಿಗಳಲ್ಲಿ ಮಾತ್ರ ಅದು ಹನ್ನೊಂದು ದಿನ ಓಡಿ ಮೆಮೊರಿ ಸಾಲದೆ ಬೀಳುತ್ತಿತ್ತು. "ಪಡೆದ ಮೆಮೊರಿ ಹಿಂತಿರುಗಿಸದೆ ಸೋರುವುದು ಅಪ್ಲಿಕೇಶನ್, ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಅಲ್ಲ" ಎಂದು ತಂಡದವರು ರಾತ್ರಿ 3ಕ್ಕೆ ರೀಬೂಟ್ ಆಗುವಂತೆ ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್‌ನಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಂಡರು. ಇಲ್ಲವೇ ರ‍್ಯಾಮ್ ಹೆಚ್ಚಿಸೋಣ ಎಂದರು: ಡಬ್ಬಿಗೆ ಸುಮಾರು 150 ರೂಪಾಯಿ, 5,000 ಡಬ್ಬಿಗೆ ಏಳೂವರೆ ಲಕ್ಷ. ಆ ಲೆಕ್ಕ ಕೇಳಿ ನನಗೆ ಹೊಟ್ಟೆ ಉರಿಯಿತು.

ಒಂದು ಡಬ್ಬಿಯಲ್ಲಿ ಆ ರೀಬೂಟ್ ತಡೆದು ನೋಡಿದೆ. ಪ್ರೋಸೆಸ್‌ಗಳ (ಓಡುತ್ತಿರುವ ಅಪ್ಲಿಕೇಶನ್‌ಗಳ) ಮೆಮೊರಿ ಇದ್ದಲ್ಲೇ ಇತ್ತು. ಮೆಮೊರಿಯ ಲೆಕ್ಕ ಕೊಡುವ ಮೆಮ್‌ಇನ್ಫೋದಲ್ಲಿ ಎಸ್‌ಅನ್‌ರಿಕ್ಲೇಮ್ (ಕರ್ನಲ್ ಹಿಡಿದಿಟ್ಟ, ಒತ್ತಾಯಿಸಿ ಹಿಂಪಡೆಯಲಾಗದ ಮೆಮೊರಿ) ಮಾತ್ರ ದಿನಕ್ಕೆ ಐದೂವರೆ ಎಂಬಿಯಷ್ಟು ಏರುತ್ತಿತ್ತು. ಕ್ಯಾಶ್ ಖಾಲಿ ಮಾಡಿಸಿದರೂ ಇಳಿಯಲಿಲ್ಲ. ಆ ಮೆಮೊರಿಯನ್ನು ಗುಂಪುಗುಂಪಾಗಿ ತೋರಿಸುವ ಸ್ಲ್ಯಾಬ್‌ಟಾಪ್‌ನಲ್ಲಿ ಕೆಮ್ಯಾಲಕ್-192, ಅಂದರೆ 192 ಬೈಟ್ ತುಣುಕುಗಳ ಗುಂಪು, ಊದಿಕೊಂಡಿತ್ತು.

ಕರ್ನಲ್‌ನ ಸೋರಿಕೆ ಹುಡುಕುವ ಕೆಮೆಮ್‌ಲೀಕ್ ನಂಬಿ ಹತ್ತು ದಿನ ಹಾಳು ಮಾಡಿದೆ. ಮೂವತ್ತು ಚಿಲ್ಲರೆ ಅನುಮಾನಗಳನ್ನು ತೋರಿಸಿತು. ಹೆಚ್ಚಿನವು ಮುಂದಿನ ಸ್ಕ್ಯಾನ್‌ಗೇ ಮಾಯ. ತಪ್ಪು ಅದರದಲ್ಲ, ನನ್ನದು. ಒಡೆಯನಿಲ್ಲದ ದನವನ್ನಷ್ಟೇ ಅದು ದೊಡ್ಡಿಗೆ ಅಟ್ಟುತ್ತದೆ. ನಮ್ಮದು ಕೊರಳಲ್ಲಿ ಹಗ್ಗ ಇಟ್ಟುಕೊಂಡೇ ಕಂಡವರ ಹೊಲ ಮೇಯುತ್ತಿತ್ತು: ಯಾವುದೋ ಲಿಸ್ಟ್‌ನಲ್ಲಿ ಸುಖವಾಗಿ ಕುಳಿತಿದ್ದವು ಆ ತುಣುಕುಗಳು.

ಬೇಸರದಲ್ಲಿ ಒಂದು ಸಂಜೆ ವೈ-ಫೈ ಡ್ರೈವರನ್ನೇ ಕರ್ನಲ್‌ನಿಂದ ಕೆಳಗಿಳಿಸಿದೆ. ಎರಡು ಲಕ್ಷ ದಾಟಿದ್ದ ತುಣುಕುಗಳು ಕೆಲವೇ ಸಾವಿರಕ್ಕೆ ಬಂದವು! ಇಳಿಯುವಾಗ ಡ್ರೈವರ್ ತನ್ನ ಲಿಸ್ಟ್ ಗುಡಿಸುತ್ತದೆ, ಓಡುವಾಗ ಗುಡಿಸುವುದಿಲ್ಲ. ಕೆಮ್ಯಾಲಕ್-192 ಗುಂಪಿಗಷ್ಟೇ, ತುಣುಕನ್ನು ಯಾರು ಪಡೆದರೆಂದು ಬರೆದಿಡುವ ಸ್ಲಬ್ ಡಿಬಗ್‌ನ ಯು ಆಯ್ಕೆ ಕೊಟ್ಟು ಬೂಟ್ ಮಾಡಿದೆ. ಆ ಲೆಕ್ಕವಿರುವ ಅಲಾಕ್ ಟ್ರೇಸಸ್ ಕಡತವನ್ನು ಎರಡು ಗಂಟೆಯ ಅಂತರದಲ್ಲಿ ಎರಡು ಸಲ ಉಳಿಸಿ, ಒಂದರಿಂದ ಇನ್ನೊಂದನ್ನು ಕಳೆದೆ. ಕನೆಕ್ಟ್ ಆಗಲು ಬಂದವರನ್ನು ನೋಡಿಕೊಳ್ಳುವ ಒಂದೇ ಫಂಕ್ಷನ್ ಹೆಸರಿನಲ್ಲಿ ಹತ್ತಿರ ಹತ್ತಿರ 2,400 ತುಣುಕು ಹೆಚ್ಚಾಗಿತ್ತು.

ನಿಮಿಷಕ್ಕೆ ಇಪ್ಪತ್ತು. ಯಾರಪ್ಪಾ ಇಷ್ಟು ಸಲ ಕನೆಕ್ಟ್ ಆಗುವವರು? ಅಂಗಡಿಗೇ ಹೋಗಿ ನೋಡಿದೆ. ಗೋಡೆಯ ಮೇಲೊಂದು ಹಳೆಯ ಕ್ಯಾಮೆರಾ, ಬದಲಾದ ಪಾಸ್‌ವರ್ಡ್ ಗೊತ್ತಿಲ್ಲದೆ ಮೂರು ಸೆಕೆಂಡಿಗೊಮ್ಮೆ ಬಾಗಿಲು ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಡ್ರೈವರ್ 192 ಬೈಟ್‌ನ ಹೊಸ ತುಣುಕು ಮಾಡಿ ಲಿಸ್ಟ್‌ಗೆ ಪೋಣಿಸುತ್ತಿತ್ತು. ಹ್ಯಾಂಡ್‌ಶೇಕ್ (ಪಾಸ್‌ವರ್ಡ್ ಪರಿಶೀಲನೆ) ಸೋತರೆ ಅದನ್ನು ಬಿಡಿಸದೆ ರಿಟರ್ನ್. ತಿದ್ದಿದ್ದು ಒಂದೇ ಸಾಲು: ರಿಟರ್ನ್ ಇದ್ದಲ್ಲಿ, ತುಣುಕು ಬಿಡಿಸುವ ಜಾಗಕ್ಕೆ ಹಾರಿಸುವ ಗೋಟು.

ಆ ಕ್ಯಾಮೆರಾದಂತೆ ಬಾಗಿಲು ಬಡಿದು, ಹನ್ನೊಂದು ದಿನದ ಸಾವನ್ನು ಮೇಜಿನ ಮೇಲೆ ಅರ್ಧ ಗಂಟೆಗೆ ಇಳಿಸಿದ ಸ್ಕ್ರಿಪ್ಟ್ ನನ್ನ ಹತ್ತಿರವೇ ಇರಲಿ. ಕ್ರಾನ್‌ನ ಸಾಲನ್ನು ನಾನೇ ಅಳಿಸಿದೆ. ಆ ಡಬ್ಬಿ ಈಗ ನಾಲ್ಕು ತಿಂಗಳಿಂದ ನಿಂತಿಲ್ಲ. ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಬೇಡಿ ಎಂದು ಅಂಗಡಿಯವರಿಗೆ ಕೇಳಿಕೊಂಡಿದ್ದೇನೆ. ಪುಕ್ಕಟೆ ಪರೀಕ್ಷೆ ನಡೆಯುತ್ತಿದೆ.