ಇದು ಕ್ಯಾಮೆರಾದಲ್ಲಿ ತೆಗೆದದ್ದಾ, ಬಿಡಿಸಿದ್ದಾ?

ನನ್ನ ಮಗಳು 9 ವರ್ಷದವರೆಗೂ ನಮ್ಮ ಮೈಯೊಳಗೆ ನೀಲಿ ರಕ್ತವೂ ಇದೆ ಅಂತ ನಂಬಿದ್ದಳು. ತಪ್ಪು ಅವಳದಲ್ಲ, ನನ್ನದು. ಹೃದಯದ ಬಗ್ಗೆ ಒಂದು ಚಂದದ ವಿಡಿಯೊ ತೋರಿಸಿದ್ದೆ. ಅದರಲ್ಲಿ ಹೃದಯದಿಂದ ರಕ್ತ ಒಯ್ಯುವ ಅಪಧಮನಿ ಕೆಂಪು, ಹೃದಯಕ್ಕೆ ರಕ್ತ ತರುವ ಅಭಿಧಮನಿ ನೀಲಿ. ಗುರುತು ಸಿಗಲಿ ಅಂತ ಹಾಕಿದ ಬಣ್ಣ ಅದು. ಹೈಸ್ಕೂಲಿನಲ್ಲಿ 14 ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುತ್ತಿರುವ ನನಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಬಾಯಿಬಿಟ್ಟು ಹೇಳಬೇಕು ಅಂತಲೇ ಹೊಳೆದಿರಲಿಲ್ಲ. ಜ್ವರ ಬಂದು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದಾಗ, ಸಿರಿಂಜಿನೊಳಗೆ ಕಡುಗೆಂಪು ರಕ್ತ ಏರುವುದನ್ನು ನೋಡಿ ಅಳುವುದನ್ನೂ ಮರೆತು ಕೇಳಿದಳು: "ಅಮ್ಮಾ, ಇದು ನೀಲಿ ಇರಬೇಕಿತ್ತಲ್ವಾ?"

ಆವತ್ತಿನಿಂದ ನಮ್ಮ ಮನೆಯಲ್ಲಿ ಯಾವ ವಿಡಿಯೊ ಹಾಕಿದರೂ ಮೊದಲ ಪ್ರಶ್ನೆ ಒಂದೇ. ಇದು ಕ್ಯಾಮೆರಾದಲ್ಲಿ ತೆಗೆದದ್ದಾ, ಬಿಡಿಸಿದ್ದಾ?

ನಾವಿರುವುದು ಶಿರಸಿ ಕಡೆಯ ಒಂದು ಹಳ್ಳಿಯಲ್ಲಿ. ಶನಿವಾರ ಸಂಜೆ ವಿಡಿಯೊ ನೋಡಲು ಅಕ್ಕಪಕ್ಕದ ಐದಾರು ಮಕ್ಕಳು ಬರುತ್ತಾರೆ. 76 ವರ್ಷದ ನಮ್ಮತ್ತೆ ಗೋಡೆಗೆ ಒರಗಿ ಕೂರುತ್ತಾರೆ. ಪಕ್ಕದ ತೋಟದ ಅಣ್ಣ ಕೆಲಸ ಮುಗಿಸಿ ಬಾಗಿಲ ಹತ್ತಿರ ನಿಂತುಕೊಂಡೇ ನೋಡುತ್ತಾರೆ. ಮೊದಲ ವಾರ 40 ನಿಮಿಷದ ಇಂಗ್ಲಿಷ್ ವಿಡಿಯೊ ಹಾಕಿದ್ದೆ. ಹತ್ತು ನಿಮಿಷಕ್ಕೆ ಮಕ್ಕಳು ಅಂಗಳದಲ್ಲಿದ್ದರು, ಅತ್ತೆಗೆ ಜೋಂಪು ಹತ್ತಿತ್ತು. ಈಗ ಐದಾರು ನಿಮಿಷಕ್ಕಿಂತ ಜಾಸ್ತಿ ಹಾಕುವುದಿಲ್ಲ. ಹಿಂದಿನ ರಾತ್ರಿ ನಾನೇ ಎರಡು ಮೂರು ಸಲ ನೋಡಿ, ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತೇನೆ (ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ನಂಬಿ ಕೂರುವ ಹಾಗಿಲ್ಲ). ತೋರಿಸುವಾಗ ಸೌಂಡ್ ಪೂರ್ತಿ ತೆಗೆದುಬಿಡುತ್ತೇನೆ. ಮಾತು ನನ್ನದು, ಕನ್ನಡದಲ್ಲಿ. ಸೌಂಡ್ ಇಲ್ಲದಿದ್ದರೆ ನೋಡುವವರೂ ಬಾಯಿ ಬಿಡುತ್ತಾರೆ. ಯಾರಾದರೂ ಏನಾದರೂ ಕೇಳಿದರೆ ಅಲ್ಲೇ ನಿಲ್ಲಿಸುತ್ತೇನೆ, ಆ ದಿನ ಮುಂದೆ ಹೋಗದಿದ್ದರೂ ಪರವಾಗಿಲ್ಲ.

ಒಂದು ಶನಿವಾರ ಎರಡು ವಿಡಿಯೊ ಒಂದರ ಹಿಂದೆ ಒಂದು ತೋರಿಸಿದೆ. ಮೊದಲನೆಯದು 2006ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಮಾಡಿದ ಅನಿಮೇಷನ್, ಜೀವಕೋಶದ ಒಳಗಿನದು. ಎರಡು ಕಾಲಿನ ಒಂದು ಪ್ರೋಟೀನು ತನಗಿಂತ ಎಷ್ಟೋ ದೊಡ್ಡ ಚೀಲವನ್ನು ಹೊತ್ತು ಹಗ್ಗದಂಥ ಎಳೆಯ ಮೇಲೆ ಹೆಜ್ಜೆ ಹಾಕುತ್ತದೆ. ಮಕ್ಕಳು ಕುಣಿದರು. ಇದು ಬಿಡಿಸಿದ್ದು ಅಂತ ಅವರೇ ಹೇಳಿದರು. ಹಾಗಾದರೆ ಸುಳ್ಳಾ? ಅಲ್ಲ. ಆ ಪ್ರೋಟೀನು ನಿಜ, ಅದರ ಹೆಸರು ಕೈನೆಸಿನ್, ಒಂದು ಹೆಜ್ಜೆ ಅಂದರೆ 8 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ). ಆದರೆ ಬಣ್ಣ ಕಲಾವಿದರದು. ಸುತ್ತ ಕಾಣುವ ಖಾಲಿ ಜಾಗವೂ ನಿಜವಲ್ಲ. ಕೋಶದ ಒಳಗೆ ಜಾತ್ರೆಯ ನೂಕುನುಗ್ಗಲು, ಎಲ್ಲವೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಅಷ್ಟನ್ನೂ ತೋರಿಸಿದರೆ ನಮಗೆ ಏನೂ ಕಾಣುವುದಿಲ್ಲ, ಅದಕ್ಕೇ ತೆಗೆದಿದ್ದಾರೆ.

ಎರಡನೆಯದು 1950ರ ದಶಕದ್ದು, ಒಂದು ನಿಮಿಷವೂ ಇಲ್ಲ, ಬಣ್ಣವೂ ಇಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ರೋಜರ್ಸ್ ಎಂಬ ವೈದ್ಯರು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ತೆಗೆದದ್ದು. ದುಂಡಗಿನ ಕೆಂಪು ರಕ್ತಕಣಗಳ ಸಂದಿಯಲ್ಲಿ ಒಂದು ಬಿಳಿ ರಕ್ತಕಣ ಸಣ್ಣ ಚುಕ್ಕಿಯಂಥ ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗುತ್ತದೆ. ಚುಕ್ಕಿ ಎಡಕ್ಕೆ ಹೋದರೆ ಇದೂ ಎಡಕ್ಕೆ. ಮೈ ಚಾಚುತ್ತದೆ, ಮುದುಡುತ್ತದೆ, ದಾರಿಗೆ ಅಡ್ಡ ಬಂದ ಕೆಂಪು ಕಣಗಳನ್ನು ಪಕ್ಕಕ್ಕೆ ತಳ್ಳುತ್ತದೆ, ಕೊನೆಗೆ ನುಂಗುತ್ತದೆ.

ಯಾರೂ ಮಾತಾಡಲಿಲ್ಲ. ಅತ್ತೆಯೇ ಮೊದಲು ಹೇಳಿದ್ದು, "ಬೆಕ್ಕು ಇಲಿ ಹಿಂದೆ ಬಿದ್ದ ಹಾಗಿದೆಯಲ್ಲೇ! ಇದು ಬಿಡಿಸಿದ್ದಲ್ಲ ತಾನೆ?"

"ಅಲ್ಲ ಅತ್ತೆ. ನಿಮ್ಮ ರಕ್ತದಲ್ಲೂ ಈಗ ಇಂಥವು ಓಡಾಡುತ್ತಿವೆ."

ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ಅದಕ್ಕೆ ಕಣ್ಣಿದೆಯಾ?" ಅಂತ ಕೇಳಿದವನು ಎರಡನೇ ಕ್ಲಾಸಿನ ಹುಡುಗ. ಎಂಥ ಒಳ್ಳೆಯ ಪ್ರಶ್ನೆ! ಕಣ್ಣಿಲ್ಲ, ಬ್ಯಾಕ್ಟೀರಿಯಾ ಬಿಡುವ ರಾಸಾಯನಿಕದ ಜಾಡು ಹಿಡಿದು ಹೋಗುತ್ತದೆ, ಬೆಲ್ಲದ ಡಬ್ಬಿಯನ್ನು ಇರುವೆ ಹುಡುಕಿದ ಹಾಗೆ ಅಂತ ಹೇಳಿದೆ. ಆವತ್ತು ಅದನ್ನೇ ಏಳು ಸಲ ಹಾಕಿಸಿಕೊಂಡರು.

ಆದರೂ ಪರದೆ ಮೇಲೆ ನೋಡಿದ್ದನ್ನು ಕೈಗೆ ತಂದುಕೊಡುವುದು ನನಗೆ ಎಲ್ಲಕ್ಕಿಂತ ಮುಖ್ಯ. ಸೊಳ್ಳೆಯ ವಿಡಿಯೊ ತೋರಿಸಿದ ಮರುದಿನ ಬೆಳಿಗ್ಗೆ ಮಕ್ಕಳನ್ನು ಅಡಿಕೆ ತೋಟಕ್ಕೆ ಕರೆದುಕೊಂಡು ಹೋದೆ. ಬಿದ್ದ ಅಡಿಕೆ ಹಾಳೆಯಲ್ಲಿ ಮಳೆ ನೀರು ನಿಂತಿತ್ತು, ಒಳಗೆ ಸೊಳ್ಳೆ ಮರಿಗಳು ಮಿಣಮಿಣ ಕುಣಿಯುತ್ತಿದ್ದವು. ಗಾಜಿನ ಬಾಟಲಿಗೆ ತುಂಬಿ, ಬಾಯಿಗೆ ತೆಳು ಬಟ್ಟೆ ಬಿಗಿಯಾಗಿ ಕಟ್ಟಿ ಕಿಟಕಿಯಲ್ಲಿಟ್ಟೆವು. ತಲೆ ಕೆಳಗೆ ಮಾಡಿ, ಬಾಲದ ತುದಿಯ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಉಸಿರಾಡುವುದು ಬರಿಗಣ್ಣಿಗೇ ಕಾಣುತ್ತದೆ. ಬಾಟಲಿಗೆ ಬೆರಳು ತಾಗಿಸಿದರೆ ಎಲ್ಲಾ ಒಟ್ಟಿಗೆ ತಳಕ್ಕೆ ಇಳಿಯುತ್ತವೆ. ಒಂದೆರಡು ದಿನದಲ್ಲಿ ಕೆಲವು ಅಲ್ಪವಿರಾಮದ ಆಕಾರಕ್ಕೆ ಬಂದವು. ಐದನೇ ದಿನ ಬಟ್ಟೆಯ ಒಳಮೈಗೆ ಕಾಲಲ್ಲಿ ಬಿಳಿ ಪಟ್ಟೆ ಇರುವ ಸೊಳ್ಳೆ ಕೂತಿತ್ತು.

ಆ ಜಾತಿಯ ಸೊಳ್ಳೆಯೇ ಡೆಂಗಿ ಹರಡುವುದು ಅಂತ ಗೋಡೆ ಮೇಲೆ ಬರೆದದ್ದನ್ನು ಎಲ್ಲರೂ ಓದಿದ್ದೇವೆ. ಬಾಟಲಿ ನೋಡಿದ ಮೇಲೆ ತೋಟದ ಅಣ್ಣ ಯಾರೂ ಹೇಳದೆ ಹಾಳೆಗಳನ್ನೆಲ್ಲ ಬೋರಲು ಹಾಕಿದರು. ಹಳೇ ಟೈರನ್ನೂ ಒಳಗೆ ಸಾಗಿಸಿದರು. ಒಣಗಿದರೂ ಈ ಸೊಳ್ಳೆಯ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ, ಹಾಗಾಗಿ ನೀರು ಚೆಲ್ಲಿದರೆ ಸಾಲದು, ತೊಟ್ಟಿಯ ಒಳಗೋಡೆಯನ್ನು ಉಜ್ಜಬೇಕು ಅಂತ ಹೇಳಿದೆ. ಅತ್ತೆ ಆಗಲೇ ತೆಂಗಿನ ನಾರು ಹಿಡಿದು ಎದ್ದಿದ್ದರು.

ಹೋದ ತಿಂಗಳು ಕೋಳಿ ಭ್ರೂಣದ ಹೃದಯ ಬಡಿಯುವ ವಿಡಿಯೊ ನೋಡಿದೆವು. ಕಾವಿಗೆ ಕೂತು ಆರು ದಿನವಾಗಿದ್ದ ಕೋಳಿ ಅಣ್ಣನ ಮನೆಯಲ್ಲಿತ್ತು. ರಾತ್ರಿ ದೀಪ ಆರಿಸಿ, ಒಂದು ಮೊಟ್ಟೆಯ ಕೆಳಗೆ ಮೊಬೈಲ್ ಟಾರ್ಚ್ ಹಿಡಿದೆ. ಚಿಪ್ಪು ಕಿತ್ತಳೆ ಬಣ್ಣಕ್ಕೆ ಹೊಳೆಯಿತು. ನಡುವೆ ಒಂದು ಕಪ್ಪು ಚುಕ್ಕಿ, ಅದರ ಸುತ್ತ ಜೇಡನ ಕಾಲಿನ ಹಾಗೆ ಹರಡಿದ ರಕ್ತನಾಳಗಳು. ಚುಕ್ಕಿ ಮೆಲ್ಲಗೆ ಅಲುಗಿತು. ಮಗಳು ಮೂಗು ತಾಗುವಷ್ಟು ಹತ್ತಿರ ಬಂದು ಒಂದೊಂದೇ ನಾಳವನ್ನು ಕಣ್ಣಲ್ಲೇ ಹಿಂಬಾಲಿಸಿದಳು.

"ಅಜ್ಜಿ, ನೋಡು, ನೀಲಿ ಒಂದೂ ಇಲ್ಲ. ಎಲ್ಲಾ ಕೆಂಪೇ."

ಮೊಟ್ಟೆ ತಣ್ಣಗಾಗುವ ಮುಂಚೆ ಕೋಳಿಯ ಕೆಳಗೆ ವಾಪಸ್ ಇಟ್ಟು ಬಂದೆವು.