ಕಲ್ಲಲ್ಲಿ ಇಲ್ಲದ 'ಸತ್ತಂ'

ಬೇಲೂರು ಕಡೆಯ ಒಂದು ವೀರಗಲ್ಲಿನ ಪಾಠವನ್ನು ಎಕ್ಸ್‌ಎಂಎಲ್‌ನಲ್ಲಿ, ಅಂದರೆ ಪಾಠದ ಭಾಗಗಳಿಗೆ 'ಟ್ಯಾಗ್' ಎಂಬ ಗುರುತು ಹಾಕುವ ಕಂಪ್ಯೂಟರ್ ಬರಹದಲ್ಲಿ, ಬರೆದಿಟ್ಟಿದ್ದೆ. ಶಾಸನಗಳಿಗೆಂದೇ ಇರುವ ಎಪಿಡಾಕ್ ಪದ್ಧತಿ. ಕಲ್ಲು ಸವೆದ ಕಡೆ ಊಹಿಸಿ ತುಂಬಿದ ಅಕ್ಷರಕ್ಕೆ 'ಸಪ್ಲೈಡ್' ಟ್ಯಾಗ್ (ಓದುವ ಪುಟದಲ್ಲಿ ಅದು ಚೌಕ ಕಂಸದೊಳಗೆ ಬರಬೇಕು), ಮಸುಕಾದದ್ದಕ್ಕೆ 'ಅನ್‌ಕ್ಲಿಯರ್', ಪೂರ್ತಿ ಹೋದದ್ದಕ್ಕೆ 'ಗ್ಯಾಪ್', ಹೊಸ ಸಾಲಿಗೆ 'ಎಲ್‌ಬಿ'. ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ತಿರುಗಿಸುವ ಎಕ್ಸ್‌ಎಸ್‌ಎಲ್‌ಟಿ ಬರೆದು ವೆಬ್ ಪುಟ ಮಾಡಿ, ಹಾಸನದ ನಮ್ಮ ಮನೆಗೆ ಬಂದಿದ್ದ ಮೇಷ್ಟ್ರಿಗೆ ತೋರಿಸಿದೆ.

"ಅಲ್ಲಪ್ಪ, 'ತುಱುವಂ ಮಗುಳ್ಚಿ ಸತ್ತಂ' ಅಂತ ಸಲೀಸಾಗಿ ಹಾಕಿದ್ದೀಯಲ್ಲ. 'ಸತ್ತಂ' ಕಲ್ಲಲ್ಲಿ ಎಲ್ಲಿದೆ? ಅದು ನಾವು ಸೇರಿಸಿದ್ದು. ಚೌಕ ಕಂಸ ಏನಾಯ್ತು?"

ಎದೆ ಧಸಕ್ಕೆಂದಿತು. ದನಗಳನ್ನು ಮರಳಿಸಿ ಸತ್ತ ಎಂಬ ಆ ಸಾಲಿನಲ್ಲಿ 'ಸತ್ತ' ಎಂಬ ನಮ್ಮ ಊಹೆ ಶಾಸನದ ಮಾತಾಗಿಬಿಟ್ಟಿತ್ತು.

ತಪ್ಪು ಒಂದೇ ಸಾಲಿನಲ್ಲಿತ್ತು. ನಾನು ಬಳಸಿದ್ದು ಎಕ್ಸ್‌ಎಸ್‌ಎಲ್‌ಟಿಯ 'ವ್ಯಾಲ್ಯೂ-ಆಫ್' ಎಂಬ ಆದೇಶ. ಅದು ಬರೀ ಅಕ್ಷರ ಎತ್ತಿಕೊಳ್ಳುತ್ತದೆ, ಒಳಗಿನ ಟ್ಯಾಗ್ ಬಿಟ್ಟುಬಿಡುತ್ತದೆ. 'ಗ್ಯಾಪ್', 'ಎಲ್‌ಬಿ' ಒಳಗೆ ಅಕ್ಷರವೇ ಇಲ್ಲವಲ್ಲ, ಅವು ಗುರುತೇ ಇಲ್ಲದೆ ಮಾಯ. 'ಕಾಪಿ-ಆಫ್' ಹಾಕಿ ನೋಡಿದೆ. ಟ್ಯಾಗ್‌ಗಳು ಹಾಗೇ ಬಂದವು, ಆದರೆ 'ಸಪ್ಲೈಡ್' ಅಂದರೇನು ಅಂತ ಬ್ರೌಸರ್‌ಗೆ ಗೊತ್ತಿಲ್ಲ. ಕಂಸ ಬರಲಿಲ್ಲ. ಎಲ್ಲವನ್ನೂ ಸಿಡೇಟಾ (ಒಳಗಿನದನ್ನೆಲ್ಲ ಬರೀ ಅಕ್ಷರವೆಂದು ಓದಿಸುವ ಗುರುತು) ಒಳಗೆ ಸುತ್ತಿಡು ಅಂತ ಸ್ನೇಹಿತರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ಮಾಡಿದರೆ ಟ್ಯಾಗೂ ಸುಮ್ನೆ ಅಕ್ಷರವಾಗುತ್ತದೆ, ಆಮೇಲೆ ಹುಡುಕೋಕೂ ಸಿಗಲ್ಲ.

ಕೊನೆಗೆ 'ಅಪ್ಲೈ-ಟೆಂಪ್ಲೇಟ್ಸ್' ಹಾಕಿ, ಒಂದೊಂದು ಟ್ಯಾಗಿಗೂ ಪುಟ್ಟ ಟೆಂಪ್ಲೇಟ್, ಅಂದರೆ ಆ ಟ್ಯಾಗ್ ಬಂದಾಗ ಏನು ಮಾಡಬೇಕೆಂಬ ನಿಯಮ, ಬರೆದೆ. 'ಸಪ್ಲೈಡ್' ಬಂದರೆ ಕಂಸ ತೆರೆ, ಒಳಗಿನದಕ್ಕೆ ಮತ್ತೆ 'ಅಪ್ಲೈ-ಟೆಂಪ್ಲೇಟ್ಸ್', ಕಂಸ ಮುಚ್ಚು. ಟೆಂಪ್ಲೇಟ್ ಇಲ್ಲದ ಟ್ಯಾಗ್ ಬಂದರೆ ಎಕ್ಸ್‌ಎಸ್‌ಎಲ್‌ಟಿ ಟ್ಯಾಗ್ ಬಿಟ್ಟು ಅಕ್ಷರ ಮಾತ್ರ ದಾಟಿಸುತ್ತದೆ. ಮತ್ತೆ ಅದೇ ಅಪಾಯ, ಅಲ್ವಾ? ಹಾಗಾಗಿ ಯಾವ ಟೆಂಪ್ಲೇಟಿಗೂ ಸಿಗದ ಟ್ಯಾಗನ್ನು ಹಿಡಿಯೋಕೆ ಇನ್ನೊಂದನ್ನು ಬರೆದೆ. ಅದು 'ಮೆಸೇಜ್' ಕೊಟ್ಟು ಕೆಲಸವನ್ನೇ ನಿಲ್ಲಿಸುತ್ತದೆ. ಶಾಸನದ ವಿಷಯದಲ್ಲಿ ತಪ್ಪಾಗಿ ಮುಗಿಯೋದಕ್ಕಿಂತ ಅರ್ಧಕ್ಕೆ ನಿಲ್ಲೋದೇ ವಾಸಿ.

ಇನ್ನೊಂದು ತೊಡಕು ಉಳಿದಿತ್ತು. 'ಮಗುಳ್ಚಿ[ಸತ್ತಂ]' ಅಂತ ಪದಗಳು ಈಗ ಅಂಟಿಕೊಂಡಿದ್ದವು. ಈ ನಡುವೆ ಖಾಲಿ ಜಾಗ ತೆಗೆಯುವ 'ಸ್ಟ್ರಿಪ್-ಸ್ಪೇಸ್'ಗೆ ನಕ್ಷತ್ರ (ಎಲ್ಲ ಟ್ಯಾಗಿಗೂ ಎಂಬ ಗುರುತು) ಹಾಕಿದ್ದೆ, ಎರಡು ಟ್ಯಾಗ್ ನಡುವಿನ ಖಾಲಿ ಜಾಗವೂ ಹೋಗಿತ್ತು. ಪಾಠ ಇರುವ ಟ್ಯಾಗಿಗೆ ಖಾಲಿ ಜಾಗ ಉಳಿಸುವ 'ಪ್ರಿಸರ್ವ್-ಸ್ಪೇಸ್' ಹಾಕಿದ ಮೇಲೆ ಸರಿಹೋಯಿತು.

ಈಗ ಪ್ರತಿ ಸಲ ಮೂಲದಲ್ಲಿರುವ 'ಸಪ್ಲೈಡ್' ಎಷ್ಟು, ಪುಟದಲ್ಲಿ ಬಂದ ಚೌಕ ಕಂಸದ ಜೋಡಿ ಎಷ್ಟು ಅಂತ ಎಣಿಸುತ್ತೇನೆ. ಮೊನ್ನೆ ಮೇಷ್ಟ್ರು ಮತ್ತೆ ಬಂದಿದ್ದರು. 'ತುಱುವಂ ಮಗುಳ್ಚಿ [ಸತ್ತಂ]' ಅಂತ ಬೆರಳಿಟ್ಟು ಓದಿ, ಮುಂದಿನ ಸಾಲಿಗೆ ಹೋದರು.